ಕೇಳುವವಳ ಕೋಣೆ

ನಾನು ಈ ಕಾಲೇಜಿನಲ್ಲಿ ಕೇಳುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಗುಡಿಸುವವರು ಕಸ ಗುಡಿಸುತ್ತಾರೆ, ತೋಟದವನು ಗಿಡಕ್ಕೆ ನೀರು ಹಾಕುತ್ತಾನೆ, ನಾನು ಮಾತು ಕೇಳುತ್ತೇನೆ. ನಮ್ಮೂರಿನಲ್ಲಿ ಆಡಿದ ಮಾತು ಆಡಿದ ಜಾಗದಲ್ಲೇ ನಿಂತಿರುತ್ತದೆ. ಅಲ್ಲಿಗೆ ಯಾರು ಕಾಲಿಟ್ಟರೂ ಆಡಿದವರ ಧ್ವನಿಯಲ್ಲೇ ಅದು ಕಿವಿಗೆ ಬೀಳುತ್ತದೆ. ಒಬ್ಬರು ಕೇಳಿದರೆ ಅಷ್ಟು ಸವೆಯುತ್ತದೆ, ಇನ್ನೊಬ್ಬರು ಕೇಳಿದರೆ ಇನ್ನಷ್ಟು ಸವೆಯುತ್ತದೆ. ‘ಊಟ ಆಯ್ತಾ’ ಎನ್ನುವಂಥ ಮಾತು ನಾಲ್ಕು ಜನ ಓಡಾಡಿದರೆ ಮುಗಿದುಹೋಗುತ್ತದೆ. ಕೂಗಾಡಿದ್ದು, ಮೈಕಿನಲ್ಲಿ ಹೇಳಿದ್ದು, ಮೆತ್ತಗೇ ಆದರೂ ಚುಚ್ಚುವ ಹಾಗೆ ಹೇಳಿದ್ದು ವಾರಗಟ್ಟಲೆ ಇರುತ್ತದೆ. ಅದಕ್ಕೇ ಬಸ್ ಸ್ಟ್ಯಾಂಡು, ಕೋರ್ಟು, ಕಾಲೇಜು ಇಂಥ ಕಡೆಯೆಲ್ಲ ನನ್ನಂಥವರು ಬೇಕು. ಮಣೆ ಹಾಕಿಕೊಂಡು ಮಾತು ನಿಂತ ಜಾಗದಲ್ಲಿ ಕೂತು, ಅದು ಮುಗಿಯುವ ತನಕ ಕೇಳಬೇಕು. ಕೈ ಸುಮ್ಮನಿರಬಾರದು ಎಂದು ನಾನು ಅವರೆಕಾಯಿ ಸುಲಿಯುತ್ತಿರುತ್ತೇನೆ. ಹಾಸ್ಟೆಲ್ಲಿನ ಅಡುಗೆಯವರಿಗೆ ನನ್ನ ಮೇಲೆ ಪ್ರೀತಿ ಇರುವುದು ಅದಕ್ಕೇ ಹೊರತು ನನ್ನ ಮುಖ ನೋಡಿ ಅಲ್ಲ.

ಕೆಲಸದ ಪದ್ಧತಿ ಸುಲಭ. ಗೇಟಿನಿಂದ ಶುರು ಮಾಡಿ ಸಾಲಾಗಿ ಬರಬೇಕು. ಇದು ಚೆಂದ, ಇದು ಕೊಳಕು ಎಂದು ಆರಿಸಿಕೊಂಡು ಕೇಳುವ ಹಾಗಿಲ್ಲ. ಯಾರಿಗೂ ಬಾಯಿ ಮುಚ್ಚು ಎನ್ನುವ ಹಾಗೂ ಇಲ್ಲ. ಆಡುವುದು ಅವರ ಹಕ್ಕು, ಕೇಳುವುದು ನಮ್ಮ ಸಂಬಳ. ಬೆದರಿಕೆ ಮಾತ್ರ ಬೇರೆ. ಅದನ್ನು ಸವೆಸದೆ ಹಾಗೇ ಬಿಟ್ಟು ಪೊಲೀಸರಿಗೆ ಹೇಳಬೇಕು, ಅವರು ಬಂದು ಕೇಳಿ ಬರೆದುಕೊಂಡ ಮೇಲೆ ನಮ್ಮ ಸರದಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳದ ಮಾತಿಲ್ಲ. ಲೈಬ್ರರಿ ಹಿಂದಿನ ಗೋಡೆಯ ಹತ್ತಿರ ಜೋಡಿಗಳು ಬಿಟ್ಟುಹೋದದ್ದನ್ನು ಕೇಳಿ ಮುಗಿಸುವಾಗ ಈ ವಯಸ್ಸಿನಲ್ಲೂ ನನ್ನ ಕಿವಿ ಕೆಂಪಾಗುತ್ತದೆ.

ಒಂದೇ ಒಂದು ಮಾತು ಎಷ್ಟು ಹೊತ್ತು ಕೂತರೂ ಕೇಳಿಸುವುದಿಲ್ಲ. ಅದು ಅವರವರದೇ ಮಾತು. ನಾನು ಆಡಿದ್ದು ಊರಿಗೆಲ್ಲ ಕೇಳಿಸುತ್ತದೆ, ನನಗೆ ಕೇಳಿಸುವುದಿಲ್ಲ. ಹಾಗಾಗಿ ನಮ್ಮೂರಿನಲ್ಲಿ ಒಳ್ಳೆಯ ಸ್ನೇಹಿತರಿದ್ದವರು ಪುಣ್ಯವಂತರು. ‘ನಿನ್ನೆ ಅಂಗಡಿ ಮುಂದೆ ಹಿಂಗಂದಿದೀಯ, ನೋಡ್ಕೋ’ ಎಂದು ಬಂದು ಹೇಳುತ್ತಾರೆ. ನನಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ದಿನವಿಡೀ ಪರರ ಮಾತು ಕೇಳುವ ಈ ಹೊನ್ನಕ್ಕನಿಗೆ ಬುದ್ಧಿ ಹೇಳುವ ಧೈರ್ಯ ಯಾರಿಗಿರುತ್ತದೆ? ನನಗೂ ಸ್ವಲ್ಪ ಜಂಬ ಇತ್ತು, ಸುಳ್ಳೇಕೆ ಹೇಳಲಿ.

ಹದಸ್ಸಾ ಹಾಸ್ಟೆಲ್ಲಿಗೆ ಬಂದದ್ದು ಮೂರು ವರ್ಷದ ಹಿಂದೆ, ಬಿಎಸ್ಸಿಗೆ. ಬಸ್ಸಿನಲ್ಲಿ ನಾಲ್ಕು ತಾಸಿನ ದೂರದ ಕರಾವಳಿಯ ಊರಿನವಳು. ಯೆಹೂದಿಗಳು. ತಲೆತಲಾಂತರದಿಂದ ಎಣ್ಣೆ ಗಾಣ ಇಟ್ಟುಕೊಂಡಿದ್ದ ಮನೆತನ. ಅವರ ಧರ್ಮದ ಬಿಡುವಿನ ದಿನವಾದ ಶನಿವಾರ ಗಾಣ ನಿಲ್ಲಿಸುವವರು ಎಂದೇ ಜನ ಅವರನ್ನು ಗುರುತಿಸುತ್ತಿದ್ದರಂತೆ. ತಾಯಿತಂದೆ ಇಲ್ಲ, ಅಜ್ಜಿ ಸಾಕಿದ್ದು. ಹಾಸ್ಟೆಲ್ಲಿಗೆ ಬಂದ ದಿನವೇ ತನ್ನ ರೂಮಿನ ಬಾಗಿಲ ಚೌಕಟ್ಟಿಗೆ ದೇವರ ವಾಕ್ಯದ ಚೀಟಿ ಇಟ್ಟ, ಬೆರಳುದ್ದದ ಒಂದು ಪುಟ್ಟ ಡಬ್ಬಿ ಬಡಿದಳು. ಒಳಗೆ ಹೋಗುವಾಗ, ಹೊರಗೆ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದಳು. ನಾವು ಹೊಸಿಲಿಗೆ ನಮಸ್ಕಾರ ಮಾಡುವುದಿಲ್ಲವೇ, ಅದೇ ಎಂದುಕೊಂಡೆ. ಶುಕ್ರವಾರ ಸಂಜೆ ಕಿಟಕಿಯಲ್ಲಿ ಎರಡು ದೀಪ ಹಚ್ಚುತ್ತಿದ್ದಳು. ಊರಿಗೆ ಹೋಗಿ ಬಂದಾಗಲೆಲ್ಲ ಮಲೀದಾ ಎಂದು ಒಂದು ಡಬ್ಬಿ ತರುತ್ತಿದ್ದಳು. ಬಾಯಿಗೆ ಹಾಕಿಕೊಂಡು ನೋಡಿದರೆ ನಮ್ಮ ಸಿಹಿ ಅವಲಕ್ಕಿಯೇ, ಬೆಲ್ಲ, ಕಾಯಿತುರಿ, ದ್ರಾಕ್ಷಿ ಹಾಕಿ ಕಲಸಿದ್ದು. “ಇದಕ್ಕೆ ಇಷ್ಟು ದೊಡ್ಡ ಹೆಸರು ಬೇಕಾ?” ಎಂದು ನಾನು ಛೇಡಿಸಿದರೆ, “ನಿಮ್ಮದಕ್ಕೆ ನಾವು ಏನಾದ್ರೂ ಅಂದ್ವಾ ಅಕ್ಕ?” ಎಂದು ನಗುತ್ತಿದ್ದಳು.

ವಾಚಾಳಿ. ಅವಳು ಬಿಟ್ಟುಹೋದ ಮಾತನ್ನು ಮುಗಿಸುವಷ್ಟರಲ್ಲಿ ನನಗೆ ಮಧ್ಯಾಹ್ನವಾಗುತ್ತಿತ್ತು. ಲ್ಯಾಬಿನ ಮೆಟ್ಟಿಲ ಮೇಲೆ ಆಸಿಡ್ಡಿನ ಲೆಕ್ಕ, ಕ್ಯಾಂಟೀನಿನಲ್ಲಿ ವಡೆಯ ಬಗ್ಗೆ ದೂರು, ಬಾವಿಕಟ್ಟೆಯ ಹತ್ತಿರ ಬೆಕ್ಕಿನ ಜೊತೆ ಜಗಳ. ನಾನು ಬೈದುಕೊಂಡೇ ಕೇಳುತ್ತಿದ್ದೆ. ನನಗೆ ಮಕ್ಕಳಿಲ್ಲ. ಬೇರೆಯವರ ಮಗಳ ಹರಟೆಗೆ ಕೂತು ಅವರೆಕಾಯಿ ಸುಲಿಯುವುದು ನನಗೆ ಬಹಳ ಇಷ್ಟವಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಸಮುದ್ರದಾಚೆಯ ಯಾವುದೋ ನಾಡಿನಲ್ಲಿ ಯುದ್ಧ ಶುರುವಾಯಿತು. ಮೊದಲು ಯೆಹೂದಿಗಳು ಬಹಳ ಜನ ಸತ್ತರು, ಆಮೇಲೆ ಆ ಕಡೆಯವರು ಅದಕ್ಕಿಂತ ಎಷ್ಟೋ ಹೆಚ್ಚು ಜನ ಸತ್ತರು, ಸಣ್ಣ ಮಕ್ಕಳೂ ಸೇರಿ. ಪೇಪರು ತೆಗೆಯುವ ಹಾಗಿರಲಿಲ್ಲ. ನಮ್ಮ ಕಾಲೇಜಿನ ಹುಡುಗರು ಅಂಗಳದಲ್ಲಿ ಸೇರಿ ಸತ್ತ ಮಕ್ಕಳ ಹೆಸರು ಓದಿದರು. ಓದಿದವನು ಧನಪಾಲ, ಕೊನೆಯ ವರ್ಷದವನು, ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಮೂರು ದಿನ ನಿಂತು ಓದಿದ. ಆ ಹೆಸರುಗಳನ್ನು ಕೇಳಿ ಮುಗಿಸುವುದಕ್ಕೆ ನನಗೆ ಒಂಬತ್ತು ದಿನ ಬೇಕಾಯಿತು. ಅವರೆಕಾಯಿ ಮುಟ್ಟಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದೇ ಕೆಲಸವಾಯಿತು. ಒಳ್ಳೆಯ ಕೆಲಸ ಮಾಡಿದ ಹುಡುಗ ಎಂದು ಅವನ ಮೇಲೆ ಅಭಿಮಾನ ಬಂತು.

ಆಮೇಲೆ ಮೈಕು ಬಂತು. ಮೈಕು ಕೈಗೆ ಸಿಕ್ಕಿದರೆ ಎಂಥ ಒಳ್ಳೆಯವನ ನಾಲಿಗೆಯೂ ಒಂದು ಗೇಣು ಉದ್ದವಾಗುತ್ತದೆ. ಒಂದು ದಿನ ಮೆರವಣಿಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ಲ್ಯಾಬಿಗೆ ಹೋಗುವ ದಾರಿಯಲ್ಲಿ ನಿಂತಿತು. ಅಲ್ಲಿ ಏನೇನು ಕೂಗಿದರು ಎನ್ನುವುದು ನನಗೆ ತಿಳಿದದ್ದು ತಡವಾಗಿ, ನಾನಿನ್ನೂ ಗೇಟಿನ ಹತ್ತಿರವೇ ಇದ್ದೆ. ಎರಡು ದಿನದ ಮೇಲೆ, ಸುಲಿದ ಕಾಳು ಕೊಡಲು ಅಡುಗೆಮನೆಗೆ ಹೋದಾಗ, ಹಾಸ್ಟೆಲ್ಲಿನ ಕಿಟಕಿಯ ಕೆಳಗೆ ಬೇರೊಂದು ಮಾತು ಸಿಕ್ಕಿತು. ಕೂಗಿದ್ದಲ್ಲ, ಮೆಲ್ಲಗೆ ಹೇಳಿದ್ದು: “ಶುಕ್ರವಾರ ದೀಪ ಹಚ್ಚೋ ಕಿಟಕಿ ಯಾವ್ದು ಅಂತ ನಮಗೊತ್ತು.” ಅದನ್ನು ಹಾಗೇ ಬಿಟ್ಟು ಪೊಲೀಸರಿಗೆ ಹೇಳಿದೆ. ಕಾನ್‌ಸ್ಟೇಬಲ್ ಬಂದು ಮೂರು ಸಲ ಕೇಳಿ ಬರೆದುಕೊಂಡ. ಧ್ವನಿ ಯಾರದ್ದೆಂದು ವಾರದೊಳಗೆ ಗೊತ್ತಾಯಿತು, ಎರಡನೇ ವರ್ಷದ ಹುಡುಗ, ಅವನನ್ನು ಕಾಲೇಜಿನಿಂದ ತೆಗೆದರು. ಆ ಶುಕ್ರವಾರದಿಂದ ಹದಸ್ಸಾ ದೀಪವನ್ನು ಕಪಾಟಿನ ಹಿಂದೆ, ನೆಲದ ಮೇಲೆ ಹಚ್ಚತೊಡಗಿದಳು.

ಪ್ರಿನ್ಸಿಪಾಲರು ಅವಳನ್ನು ಕರೆಸಿದರು. ನಾನೂ ಇದ್ದೆ. ನಮ್ಮ ಜಯದೇವಿ ಮೇಡಂ ಕೆಟ್ಟವರಲ್ಲ, ಆದರೆ ಗಲಾಟೆ ಎಂದರೆ ಅವರಿಗೆ ಬಿ.ಪಿ. ಏರುತ್ತದೆ. “ನೋಡಮ್ಮ, ಅಂಗಳದಲ್ಲಿ ಯಾರೂ ಮಾತೇ ಆಡಬಾರದು ಅಂತ ಬೋರ್ಡ್ ಹಾಕಿಸ್ತೀನಿ. ಅಲ್ಲೀ ತನಕ ನೀನು ಅಡುಗೆಮನೆ ಬಾಗಿಲಿಂದ ಓಡಾಡು, ಆಯ್ತಾ?” ಎಂದರು.

ಹದಸ್ಸಾ ತಲೆ ತಗ್ಗಿಸಿಕೊಂಡೇ ಹೇಳಿದಳು: “ಬೋರ್ಡ್ ಬೇಡ ಮೇಡಂ. ನನ್ನ ಹೆಸರಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ರೆ ಅದಕ್ಕೂ ನನ್ನನ್ನೇ ಬೈತಾರೆ. ಯುದ್ಧ ಬೇಡ ಅಂತ ಹೇಳ್ಲಿ. ಅದು ನಂಗೂ ಬೇಡ. ಮುಂದಿನ ಬಾಗಿಲಿಂದ ಲ್ಯಾಬಿಗೆ ಹೋಗೋಕೆ ಆಗ್ಬೇಕು, ಅಷ್ಟೇ.”

“ಸರಿ, ಹಾಗಾದ್ರೆ ಹೊನ್ನಕ್ಕ ಬೇಗ ಬೇಗ ಕೇಳಿ ಮುಗಿಸ್ತಾರೆ,” ಎಂದು ಮೇಡಂ ನನ್ನ ಕಡೆ ಕೈ ತೋರಿಸಿ ನೀರು ಕುಡಿದರು.

ಬೇಗ ಬೇಗ ಕೇಳುವುದು ಎಂದರೇನು? ಗೇಟಿನಿಂದ ಸಾಲಾಗಿ ಬರಬೇಕು, ಮೊಣಕಾಲು ಬೇರೆ ಊದಿಕೊಂಡಿತ್ತು. ಆ ದಾರಿ ತಲುಪಲು ನನಗೆ ಇನ್ನೂ ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಏನಾಯಿತು ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ನಮ್ಮ ಹುಡುಗ ಹುಡುಗಿಯರು ಕೆಟ್ಟ ಮಾತು ಕಿವಿಗೆ ಬೀಳುವುದು ಬೇಡವೆಂದು ಆ ಜಾಗವನ್ನು ಬಳಸಿಕೊಂಡು ಹುಲ್ಲಿನ ಮೇಲೆ ನಡೆದರು. ಮೇಷ್ಟ್ರುಗಳೂ ಹುಲ್ಲಿನ ಮೇಲೆ ನಡೆದರು. ಅವಳ ಮೇಲಿನ ಮರ್ಯಾದೆಗೆ ಹಾಗೆ ಮಾಡಿದೆವು ಎಂದು ಆಮೇಲೆ ಹೇಳಿದರು. ಹುಲ್ಲಿನಲ್ಲಿ ಹೊಸ ಕಾಲುದಾರಿಯೇ ಬಿತ್ತು. ಹಾಗಾಗಿ ಆ ಕೂಗು ಹೆಚ್ಚೇನೂ ಸವೆಯಲಿಲ್ಲ. ಕಲ್ಲಿನ ದಾರಿಯಲ್ಲಿ ನಡೆದವಳು ಹದಸ್ಸಾ ಒಬ್ಬಳೇ. ಬಳಸಿ ಹೋದರೆ ಹೆದರಿದೆ ಎಂದಾಗುತ್ತದೆ ಎಂದು ಅವಳ ಹಟ. ದಿನಕ್ಕೆ ನಾಲ್ಕು ಸಲ ಅದನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಹೋಗಿ ಬರುತ್ತಿದ್ದಳು. ನನ್ನ ಸಂಬಳದ ಕೆಲಸವನ್ನು ಆ ಕೂಸು ಮಾಡುತ್ತಿತ್ತು.

ಆ ದಿನಗಳಲ್ಲೇ ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬಂತು. ಗೇಟಿನಿಂದ ಕ್ಯಾಂಟೀನಿನ ತನಕ, ಕ್ಯಾಂಟೀನಿನಿಂದ ಬಾವಿಕಟ್ಟೆಯ ತನಕ ಕೇಳುತ್ತ ಬಂದರೂ ಹದಸ್ಸಾಳ ಒಂದು ಮಾತೂ ಸಿಗಲಿಲ್ಲ. ಆಸಿಡ್ಡಿನ ಲೆಕ್ಕವಿಲ್ಲ, ವಡೆಯ ದೂರಿಲ್ಲ. ಬೆಕ್ಕಿನ ಹತ್ತಿರವೂ ಏನೂ ಆಡಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಯಾರ ಬಾಯಿಗೂ ಬೀಗ ಇಲ್ಲ ಎಂದು ನಾವು ಹೆಮ್ಮೆ ಪಡುತ್ತೇವೆ. ಅಂಥ ಅಂಗಳದಲ್ಲಿ ಒಂದು ಹುಡುಗಿ ಮೂವತ್ತೈದು ದಿನದಿಂದ ತುಟಿ ಬಿಚ್ಚಿರಲಿಲ್ಲ. ಅವಳು ಏನು ಅಂದರೂ ಅದು ನಿಂತಿರುತ್ತದೆ, ನಾಳೆ ಯಾರೋ ಅದನ್ನು ಕೇಳಿ ಇನ್ನೊಂದು ಕಥೆ ಕಟ್ಟುತ್ತಾರೆ. ಆ ಭಯಕ್ಕೆ ಸುಮ್ಮನಿದ್ದಳು.

ಕೊನೆಗೂ ಆ ದಾರಿಗೆ ಬಂದು ಮಣೆ ಹಾಕಿದೆ. ಕೂತೊಡನೆ ಧನಪಾಲನ ಮೈಕಿನ ಧ್ವನಿ ಕಿವಿಗೆ ಅಪ್ಪಳಿಸಿತು. “ಅಲ್ಲಿರೋರೂ ಒಂದೇ, ಇಲ್ಲಿರೋರೂ ಒಂದೇ! ಕೊಲೆಗಡುಕರ ಜಾತಿಗೆ ನಮ್ಮ ಕಾಲೇಜಲ್ಲಿ ಏನು ಕೆಲಸ?” ಅದರ ಹಿಂದೆ ಮೂವತ್ತು ನಲವತ್ತು ಜನ ಹೌದು ಹೌದು ಎಂದು ಕೂಗಿದ್ದು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತೆ. ಎರಡು ದಿನ ಕೇಳಿದ ಮೇಲೆ ಸ್ವಲ್ಪ ತೆಳುವಾಯಿತು.

ಎರಡನೆಯ ದಿನ, ಬುಧವಾರ, ಅದೇ ಧನಪಾಲ ಹುಲ್ಲಿನ ಮೇಲೆ ಬಳಸಿಕೊಂಡು ಹೋಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

“ಏನಪ್ಪಾ ಕಾರ್ಯದರ್ಶಿ, ನೀನು ಕಕ್ಕಿದ್ದನ್ನ ಕೇಳಿ ಕೇಳಿ ನನ್ನ ಕಿವಿ ತೂತಾಯ್ತು. ನೀನು ಮಾತ್ರ ಹುಲ್ಲು ತುಳ್ಕೊಂಡು ಹೋಗ್ತೀಯಾ?” ಎಂದೆ.

ಅವನು ನಿಜವಾಗಿಯೂ ಬೆರಗಾಗಿ ನಿಂತ. “ನಂದಾ? ನಂದು ಅಲ್ಲೇನೂ ಇಲ್ಲ ಹೊನ್ನಕ್ಕ. ನಾನು ಆವತ್ತು ಆ ಸರ್ಕಾರದ ಬಗ್ಗೆ ಮಾತಾಡಿದ್ದು.”

“ನೀನು ಆಡಿದ್ದು ನಿನಗೆ ಕೇಳಿಸುತ್ತೇನೋ ದಡ್ಡ? ನಾನು ಹೇಳ್ತೀನಿ, ಕೇಳು,” ಎಂದು ಅವನ ಮಾತನ್ನು ಅವನದೇ ಏರಿಳಿತದಲ್ಲಿ ಒಂದಕ್ಷರ ಬಿಡದೆ ಒಪ್ಪಿಸಿದೆ.

“ಸರ್ಕಾರ ಅನ್ನೋ ಪದ ನಾನು ಅನ್ಲೇ ಇಲ್ವಾ?”

“ಒಂದ್ಸಲಾನೂ ಇಲ್ಲ.”

ಅವನು ಹುಲ್ಲಿನಿಂದ ಕಲ್ಲಿನ ಮೇಲೆ ಬಂದು ನಿಂತ. ಬಗ್ಗಿ ಕಿವಿಗೊಟ್ಟ. ಆಮೇಲೆ, “ನಂದು ಒಪ್ಪಿದೆ ಹೊನ್ನಕ್ಕ. ಆದರೆ ಇಲ್ಲಿ ನಿಮ್ಮದೂ ಒಂದಿದೆಯಲ್ಲ,” ಎಂದ.

“ನಂದಾ? ನಂದೇನಿರುತ್ತೆ? ನಾನು ಕೇಳೋಳು.”

“ಮೈಕಿನ ಗಲಾಟೆ ಅಡಿಯಲ್ಲಿ ಇದೆ. ಹಳೇದು. ಮೆತ್ತಗಿದೆ. ‘ನಿಮ್ಮೋರಿಗೆ ಸ್ವಲ್ಪ ಬುದ್ಧಿ ಹೇಳಬಾರ್ದೇನಮ್ಮ? ಎಷ್ಟು ಮಕ್ಕಳನ್ನ ಅಂತ ಕೊಲ್ತೀರಿ?’ ಅಂತಿದೆ. ನಿಮ್ಮದೇ ಧ್ವನಿ.”

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಆ ಮಕ್ಕಳ ಹೆಸರು ಕೇಳಿ ಮುಗಿಸಿದ ಸಂಜೆ ನಾನು ಅತ್ತು ಅತ್ತು ಊದಿದ ಕಣ್ಣಲ್ಲಿ ಇದೇ ದಾರಿಯಲ್ಲಿ ಬರುತ್ತಿದ್ದೆ. ಹದಸ್ಸಾ ಎದುರಿಗೆ ಬಂದಳು, ಏನಾಯ್ತು ಅಕ್ಕ ಎಂದು ನನ್ನ ತೋಳು ಹಿಡಿದುಕೊಂಡಳು. ನಾನು ಅದನ್ನು ಹೇಳಿ, ಅವಳ ಕೆನ್ನೆ ತಟ್ಟಿ, ಚಹಾಕ್ಕೆ ಬಾ ಎಂದು ಕರೆದು ಹೋಗಿದ್ದೆ. ಕೊಲ್ತೀರಿ ಎಂದಿದ್ದೆ. ಇಪ್ಪತ್ತರ ಆ ಹುಡುಗಿ ಆ ನಾಡನ್ನು ನಕ್ಷೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ, ಬಾವಿಯ ಹತ್ತಿರ ಇರುವೆ ಗೂಡು ಕಂಡರೆ ದಾಟಿಕೊಂಡು ಹೋಗುವವಳು. ಆ ಸಂಜೆ ಅವಳು ಚಹಾಕ್ಕೆ ಬರಲಿಲ್ಲ. ಓದು ಜಾಸ್ತಿ ಇರಬೇಕು ಎಂದುಕೊಂಡಿದ್ದೆ. ಅವಳು ಮಾತು ನಿಲ್ಲಿಸಿದ್ದು ಯಾವ ದಿನದಿಂದ ಎಂದು ಲೆಕ್ಕ ಹಾಕಿ ನೋಡಿದೆ. ಮೈಕು ಬಂದ ದಿನದಿಂದಲ್ಲ. ಅದಕ್ಕೆ ನಾಲ್ಕು ದಿನ ಮೊದಲು.

ಕೈಯಲ್ಲಿದ್ದ ಅವರೆಕಾಯಿ ಬುಟ್ಟಿಗೆ ಬಿತ್ತು. ಧನಪಾಲ ನನ್ನ ಪಕ್ಕದಲ್ಲಿ ನೆಲಕ್ಕೇ ಕೂತ.

“ನಾನು ಯುದ್ಧ ಸರಿ ಅಂತ ಹೇಳೋಕೆ ತಯಾರಿಲ್ಲ,” ಎಂದ, ಯಾರೋ ಅವನನ್ನು ಕೇಳಿದಂತೆ.

“ಅದನ್ನ ನಿನ್ನ ಕೈಲಿ ಯಾರು ಹೇಳಿಸ್ತಿದಾರೆ? ಅದನ್ನ ಬಸ್ ಸ್ಟ್ಯಾಂಡಲ್ಲಿ ನಿಂತು ಕೂಗು, ನಾನೇ ಬಂದು ಕೇಳ್ತೀನಿ. ಈ ಹುಡುಗೀನ್ಯಾಕೆ ಹಿಡ್ಕೊಂಡ್ವಿ ನಾವಿಬ್ರೂ?”

ನನ್ನದನ್ನು ನಾನು ಕೇಳಿ ಮುಗಿಸುವಂತಿಲ್ಲ, ಅವನದನ್ನು ಅವನು ಮುಗಿಸುವಂತಿಲ್ಲ. ಹಾಗಾಗಿ ಆ ಮಧ್ಯಾಹ್ನ ನಾನು ಅವನದನ್ನು ಕೇಳುತ್ತ, ಅವನು ನನ್ನದನ್ನು ಕೇಳುತ್ತ, ಇಬ್ಬರೂ ಒಂದೇ ಬುಟ್ಟಿಯ ಅವರೆಕಾಯಿ ಸುಲಿಯುತ್ತ ಕೂತೆವು. ಅವನಿಗೆ ಸುಲಿಯಲೂ ಬರುವುದಿಲ್ಲ, ಕಾಳಿನ ಜೊತೆ ಸಿಪ್ಪೆಯನ್ನೂ ಹಾಕುತ್ತಿದ್ದ. ಹುಲ್ಲಿನ ಮೇಲೆ ಹೋಗುತ್ತಿದ್ದ ಹುಡುಗರು ಕಾರ್ಯದರ್ಶಿ ನೆಲದ ಮೇಲೆ ಕೂತದ್ದನ್ನು ನೋಡಿ ನಿಂತರು. ಕೆಲವರು ಕಲ್ಲಿನ ಮೇಲೆ ಬಂದು ಕೇಳಿಸಿಕೊಂಡರು. ಒಂದು ಹುಡುಗಿ ಕೇಳಿದ ಕೂಡಲೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಇಷ್ಟು ದಿನ ಇದು ಇಲ್ಲೇ ಇತ್ತಾ ಎಂದು ಕೇಳಿದಳು. ಸಂಜೆ ಐದರ ಹೊತ್ತಿಗೆ ಹತ್ತು ಹನ್ನೆರಡು ಜನ ಸೇರಿ ಕೇಳಿ ಎಲ್ಲ ಮುಗಿಯಿತು. ನನ್ನದೂ ಮುಗಿಯಿತು ಎಂದು ಧನಪಾಲ ಹೇಳಿದ. ನಾನು ಅವನ ಮಾತನ್ನು ನಂಬಬೇಕಾಯಿತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹದಸ್ಸಾ ಹಾಸ್ಟೆಲ್ಲಿನ ಮೆಟ್ಟಿಲು ಇಳಿದು ಬಂದಳು. ಹೆಗಲಿಗೆ ದೊಡ್ಡ ಬ್ಯಾಗು. ಬಾಗಿಲ ಚೌಕಟ್ಟಿನ ಪುಟ್ಟ ಡಬ್ಬಿಯನ್ನೂ ಕಿತ್ತುಕೊಂಡು ಕೈಯಲ್ಲಿ ಹಿಡಿದಿದ್ದಳು. ಮಧ್ಯಾಹ್ನ ಎರಡಕ್ಕೆ ರಸಾಯನಶಾಸ್ತ್ರದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಅದನ್ನು ಬಿಟ್ಟರೆ ಮೂರು ವರ್ಷದ ಓದೆಲ್ಲ ಅಲ್ಲಿಗೇ ನಿಲ್ಲುತ್ತದೆ, ಅಜ್ಜಿಗೆ ಇನ್ನೊಂದು ವರ್ಷ ಓದಿಸುವ ಶಕ್ತಿಯಿಲ್ಲ ಎಂದು ನನಗೆ ಗೊತ್ತಿತ್ತು.

“ಎಲ್ಲಿಗೆ ಹೊರಟೆ?” ಎಂದೆ.

“ಹನ್ನೊಂದರ ಬಸ್ಸಿಗೆ, ಅಕ್ಕ.”

“ದಾರಿ ಶುದ್ಧವಾಗಿದೆ ಮಗಳೇ. ಬಂದು ನೋಡು. ಧನಪಾಲನದೂ ಇಲ್ಲ. ನಂದೂ ಇಲ್ಲ.”

ನಂದು ಎಂದದ್ದನ್ನು ಕೇಳಿ ಅವಳು ನನ್ನ ಮುಖ ನೋಡಿದಳು. ನಾನು ಕೈ ಮುಗಿದೆ. “ನನಗೆ ಕೇಳಿಸಲಿಲ್ಲ ಕಣೇ. ನಿನ್ನೆ ಆ ಹುಡುಗ ಹೇಳಿದ ಮೇಲೆ ಗೊತ್ತಾಯ್ತು. ತಪ್ಪಾಯ್ತು,” ಎಂದೆ. ಅವಳು ಬ್ಯಾಗು ಇಳಿಸಿ ಕಲ್ಲಿನ ಮೇಲೆ ಹೋಗಿ ನಿಂತಳು. ಅಲ್ಲೊಂದು ಕಾಲು, ಇಲ್ಲೊಂದು ಕಾಲು ಇಟ್ಟು ನೋಡಿದಳು. ತಿರುಗಿ ಬಂದಳು.

“ಇಲ್ಲಿ ಏನೂ ಇಲ್ಲ ಅಕ್ಕ,” ಎಂದಳು. ಎಷ್ಟೋ ದಿನದ ಮೇಲೆ ಅವಳು ಅಂಗಳದಲ್ಲಿ ಇಷ್ಟು ಮಾತಾಡಿದ್ದು. “ಆದ್ರೆ ನಾನು ದಿನಾ ನಾಲ್ಕು ಸಲ ಕೇಳಿದೀನಲ್ಲ. ಕಲ್ಲಿಂದ ಹೋಯ್ತು, ನನ್ನಿಂದ ಹೋಗಿಲ್ಲ. ಬ್ಯುರೆಟ್ ಹಿಡಿದ್ರೆ ಕೈ ನಡುಗುತ್ತೆ. ಹಿಂದೆ ಯಾರಾದ್ರೂ ಬಂದು ನಿಂತ್ರೆ ಅದೇ ಕೇಳಿಸುತ್ತೆ. ನಾನು ಪರೀಕ್ಷೆ ಹೇಗೆ ಬರೀಲಿ?”

ಮಣೆ ಹಾಕಿಕೊಂಡು ಅವಳೊಳಗೆ ಹೋಗಿ ಕೂರುವಂತಿದ್ದರೆ ಕೂರುತ್ತಿದ್ದೆ. ಯೋಚನೆ ಮಾಡುತ್ತ ನಿಂತಾಗ ಗೇಟಿನ ಪಕ್ಕದ ನನ್ನ ಕೋಣೆ ಕಣ್ಣಿಗೆ ಬಿತ್ತು. ಕೇಳುವವರ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ, ಅದು ಊರಿನ ಸಂಪ್ರದಾಯ. ದಿನವೆಲ್ಲ ದುಡಿದ ಕಿವಿಗೆ ಒಂದಾದರೂ ಖಾಲಿ ಜಾಗ ಬೇಕಲ್ಲ. ಬಂದವರು ಕೈಸನ್ನೆಯಲ್ಲಿ ಚಹಾ ಕೇಳುತ್ತಾರೆ, ಕೈಸನ್ನೆಯಲ್ಲಿ ಸಾಕು ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಒಂದು ಮಾತೂ ನಿಂತಿರಲಿಲ್ಲ. ನನ್ನ ಗಂಡ ತೀರಿಕೊಂಡಾಗಲೂ ನಾನು ಹೊರಗೆ ಬಂದು ಅತ್ತವಳು.

ಅವಳ ಕೈ ಹಿಡಿದು ಕರೆದುಕೊಂಡು ಹೋಗಿ ಬಾಗಿಲು ತೆಗೆದೆ. “ಒಳಗೆ ಹೋಗು. ಬಾಗಿಲು ಹಾಕ್ಕೋ. ಇಷ್ಟು ದಿನ ಏನೇನು ಕೇಳಿದೆಯೋ, ಏನೇನು ಹೇಳದೆ ನುಂಗ್ಕೊಂಡೆಯೋ, ಎಲ್ಲ ಇಲ್ಲಿ ಹೇಳ್ಬಿಡು. ಬೈಬೇಕು ಅನಿಸಿದ್ರೆ ಬೈಯಿ. ನೀನು ಆಡಿದ್ದು ನಿನಗೆ ಮತ್ತೆ ಕೇಳಿಸಲ್ಲ.”

“ನಿಮಗೆ ಕೇಳಿಸುತ್ತಲ್ಲ ಅಕ್ಕ. ನೀವು ಮಲಗೋ ಜಾಗ.”

“ನಂಗೆ ಬೇರೇನು ಕೆಲಸ ಇದೆ?”

ಒಳಗಿದ್ದದ್ದೆಲ್ಲ ಇದರಿಂದ ಹೋಗಿಬಿಡುತ್ತದೆ ಎಂದು ನಾನು ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಅವಳು ಹೊಸಿಲಲ್ಲಿ ತುಸು ಹೊತ್ತು ನಿಂತು ಒಳಗೆ ಹೋದಳು. ನಾನು ದೂರ ಹೋಗಿ ಗೇಟಿನ ಹತ್ತಿರ ಕೂತೆ. ಹನ್ನೊಂದರ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು, ಬಾಗಿಲು ತೆರೆಯಲಿಲ್ಲ. ಹನ್ನೆರಡೂ ಆಯಿತು. ಧನಪಾಲ ಎಲ್ಲಿಂದಲೋ ಅವಳ ರೆಕಾರ್ಡ್ ಬುಕ್ಕು ತಂದು ನನ್ನ ಕೈಗೆ ಕೊಟ್ಟ. ಎರಡು ತಿಂಗಳ ಹಿಂದೆ ಅವಳಿಂದ ಕೇಳಿ ಪಡೆದಿದ್ದನಂತೆ, ವಾಪಸ್ ಕೊಡಲು ಮುಖವಿರಲಿಲ್ಲವಂತೆ. “ನಾನೇ ಕೊಟ್ಟು ಒಂದು ಮಾತು ಹೇಳ್ಬೇಕು,” ಎಂದ. “ಇವತ್ತು ಬೇಡ. ಇವತ್ತು ಅವಳ ಸರದಿ,” ಎಂದೆ. ಅವನು ತಲೆಯಾಡಿಸಿ ಹೋದ.

ಒಂದೂವರೆಗೆ ಬಾಗಿಲು ತೆರೆಯಿತು. ಅವಳ ಕಣ್ಣು ಕೆಂಪಾಗಿತ್ತು, ಧ್ವನಿ ಬಿದ್ದುಹೋಗಿತ್ತು. ನನ್ನ ಕೈಯಿಂದ ರೆಕಾರ್ಡ್ ಬುಕ್ಕು ತೆಗೆದುಕೊಂಡು ನನ್ನ ಹೆಗಲಿಗೆ ಒಂದು ಕ್ಷಣ ಹಣೆ ಒರಗಿಸಿ, ಕಲ್ಲಿನ ದಾರಿಯಲ್ಲಿ ಲ್ಯಾಬಿನ ಕಡೆಗೆ ನಡೆದಳು. ಅವಳು ಬಾಗಿಲು ದಾಟುವ ತನಕ ನೋಡಿ, ನಾನು ನನ್ನ ಕೋಣೆಗೆ ಹೋದೆ.

ಇಪ್ಪತ್ತೆರಡು ವರ್ಷ ಕೇಳಿದವಳು ನಾನು. ಆ ಮಧ್ಯಾಹ್ನ ಕೇಳಿದಂಥದ್ದನ್ನು ಕೇಳಿರಲಿಲ್ಲ. ಮೊದಲು ಬರೀ ಕೂಗು, ಯಾರ್ಯಾರೋ ಅಂದದ್ದೆಲ್ಲ ಅವಳ ಧ್ವನಿಯಲ್ಲಿ. ಆಮೇಲೆ ಅವಳದೇ ಮಾತು: ಮಕ್ಕಳ ಹೆಸರು ಓದಿದಾಗ ನಾನೂ ಹಿಂದೆ ನಿಂತಿದ್ದೆ, ಅತ್ತರೆ ನಾಟಕ ಅಂತಾರೆ ಅಂತ ಅಳಲಿಲ್ಲ. ನಮ್ಮೋರೂ ಸತ್ತರು, ಅವರ ಹೆಸರನ್ನ ಯಾರೂ ಓದಲಿಲ್ಲ, ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಓದಿದೆ. ಕಪಾಟಿನ ಹಿಂದೆ ದೀಪ ಹಚ್ಚಿದೆ ಅಂತ ಅಜ್ಜಿಗೆ ಹೇಳಲಿಲ್ಲ. ನಂಗೆ ಯಾರ ಮೇಲೂ ದ್ವೇಷ ಇಲ್ಲ, ಅಲ್ಲ ಇದೆ, ಹುಲ್ಲಿನ ಮೇಲೆ ನಡೆದೋರ ಮೇಲೆ ಇದೆ. ಹೀಗೆ ಹೋಗುತ್ತ ಹೋಗುತ್ತ ಕೋಣೆಯ ಮೂಲೆಯಲ್ಲಿ, ನನ್ನ ಹಾಸಿಗೆ ಸುತ್ತಿಟ್ಟ ಜಾಗದಲ್ಲಿ, ಇನ್ನೊಂದು ಸಿಕ್ಕಿತು: “ಮೈಕಿಗೆ ನಾನು ಅಳಲಿಲ್ಲ. ಹೊನ್ನಕ್ಕ ಹಂಗಂದ ದಿನ ಅತ್ತೆ. ಅವರು ನನ್ನ ಕೆನ್ನೆ ತಟ್ಟಿ ಅಂದ್ರಲ್ಲ.”

ನಾನು ಆ ಮೂಲೆಯಿಂದ ಏಳಲಿಲ್ಲ. ಏಳಬೇಕು ಅನಿಸಿತು, ಏಳಲಿಲ್ಲ. ಅದು ಮತ್ತೆ ಮತ್ತೆ ಕೇಳಿಸಿತು, ಮತ್ತೆ ಮತ್ತೆ ಕೇಳಿದೆ.

ಐದು ಗಂಟೆಗೆ ಅವಳು ಬಂದು ಹೊಸಿಲಾಚೆ ನಿಂತಳು. ಬೆರಳ ತುದಿ ಯಾವುದೋ ಔಷಧಿಯಿಂದ ಹಳದಿಯಾಗಿತ್ತು. “ರೀಡಿಂಗ್ ಸರಿ ಬಂತು ಅಕ್ಕ,” ಎಂದಳು, ಹೊರಗಿನಿಂದಲೇ. ಆಮೇಲೆ ನಾನು ಕೂತ ಮೂಲೆಯನ್ನು ನೋಡಿದಳು. ಒಳಗೆ ನಾನು ಬಾಯಿ ಬಿಟ್ಟರೆ ಅದು ಅವಳಿಗೆ ಕೇಳಿಸುತ್ತ ನಿಲ್ಲುತ್ತದೆ ಎಂದು ನಾನೂ ಎದ್ದು ಹೊರಗೆ ಬಂದೆ.

“ಕೇಳಿದ್ರಾ?”

“ಕೇಳ್ತಾ ಇದೀನಿ.”

“ಬೇಜಾರಾಯ್ತಾ?”

“ಆಯ್ತು,” ಎಂದೆ. ಸುಳ್ಳು ಹೇಳುವ ಜಾಗವಾಗಿರಲಿಲ್ಲ ಅದು. “ಬಸ್ಸಿಗೆ ಹೋಗ್ತೀಯಾ?”

ಅವಳು ಕೈಯಲ್ಲಿದ್ದ ಆ ಪುಟ್ಟ ಡಬ್ಬಿಯನ್ನು ನೋಡಿಕೊಂಡಳು. “ಸುತ್ತಿಗೆ ಇದೆಯಾ ನಿಮ್ಮತ್ರ? ಇದನ್ನ ಮತ್ತೆ ಬಡೀಬೇಕು.” ಒಳಗೆ ಕಾಲಿಡಲು ಮಾತ್ರ ಅವಳಿಗೆ ಹಿಂಜರಿಕೆ.

“ಬಾರೇ, ನಿಂಗೇನೂ ಕೇಳಿಸಲ್ಲ,” ಎಂದೆ.

ಅವಳು ಒಳಗೆ ಬಂದಳು. ತಲೆ ಓರೆ ಮಾಡಿ ಕಿವಿಗೊಟ್ಟು ನೋಡಿದಳು, ಗೋಡೆಯ ಹತ್ತಿರ, ಕಿಟಕಿಯ ಹತ್ತಿರ, ನನ್ನ ಮೂಲೆಯ ಹತ್ತಿರ. ಅವಳ ಭುಜ ಸಡಿಲವಾಗುವುದನ್ನು ನಾನು ನೋಡಿದೆ. ತಟ್ಟೆಗೆ ಉಪ್ಪಿಟ್ಟು ಹಾಕಿಕೊಟ್ಟೆ, ಅರ್ಧ ತಿಂದು ನನ್ನ ಹಾಸಿಗೆಗೆ ಒರಗಿದವಳು ಹಾಗೇ ನಿದ್ದೆ ಹೋದಳು. ಅವಳ ಪಾಲಿಗೆ ಆ ಕೋಣೆಯಲ್ಲಿ ಒಂದು ಸದ್ದೂ ಇರಲಿಲ್ಲ. ನಾನು ಅವಳ ಕಾಲ ಮೇಲೆ ಶಾಲು ಎಳೆದು, ಪಕ್ಕದಲ್ಲಿ ಕೂತು, ಅವಳು ಹೇಳಿದ್ದನ್ನು ಕೇಳುತ್ತಲೇ ಇದ್ದೆ.